ಶೆಟ್ಟಿಹಳ್ಳಿಯ ರೋಸರಿ ಚರ್ಚ್‌ನ ಅವಶೇಷಗಳು: ಸಾರ್ವಜನಿಕರಿಗೆ ಮಾಹಿತಿ

ಸಂಕ್ಷಿಪ್ತ ವಿವರ

ಸ್ಮಾರಕದ ಹೆಸರು: ರೋಸರಿ ಚರ್ಚ್ (ಜಪಮಾಲೆ ಮಾತೆಯ ದೇವಾಲಯ)
ಸ್ಥಳ: ಶೆಟ್ಟಿಹಳ್ಳಿ, ಹಾಸನ ಜಿಲ್ಲೆ, ಹೇಮಾವತಿ ಜಲಾಶಯದ ಹಿನ್ನೀರು ಪ್ರದೇಶ
ನಿರ್ಮಾಣದ ಕಾಲ: 1860ರ ದಶಕ
ನಿರ್ಮಿಸಿದವರು: ಫ್ರೆಂಚ್ ಕ್ಯಾಥೊಲಿಕ್ ಧರ್ಮಪ್ರಚಾರಕರು
ಶೈಲಿ: ಗಾಥಿಕ್
ಹಾಸನ ನಗರದಿಂದ ದೂರ: ಸುಮಾರು 20 ಕಿ.ಮೀ.
ನೋಡಲು ಅನುಕೂಲವಾದ ಅವಧಿ: ಕಟ್ಟಡದ ಬಳಿಗೆ ನಡೆದು ಹೋಗಲು ಬೇಸಿಗೆ, ನೀರಿನಿಂದ ಆವೃತವಾದ ನೋಟಕ್ಕೆ ಮಳೆಗಾಲ ಮತ್ತು ಅದರ ನಂತರದ ತಿಂಗಳುಗಳು

ಪೀಠಿಕೆ

ಚಿಕ್ಕಮಗಳೂರು ಜಿಲ್ಲೆಯ ಕಾಫಿ ಬೆಟ್ಟಗಳಲ್ಲಿ ಸುರಿಯುವ ಮಳೆಯ ಒಂದು ಭಾಗವು ಎರಡು ದಾರಿಗಳಲ್ಲಿ ಹಾಸನ ಜಿಲ್ಲೆಯನ್ನು ಸೇರುತ್ತದೆ. ಮೂಡಿಗೆರೆ ತಾಲ್ಲೂಕಿನ ಜಾವಳಿ ಸಮೀಪ, ಬಲ್ಲಾಳರಾಯನದುರ್ಗದ ಸೀಮೆಯಲ್ಲಿ ಹುಟ್ಟುವ ಹೇಮಾವತಿ ನದಿಯು ಮೂಡಿಗೆರೆ ಮತ್ತು ಸಕಲೇಶಪುರ ತಾಲ್ಲೂಕುಗಳ ತೋಟಗಳ ನಡುವೆ ಹರಿದು ಬರುತ್ತದೆ. ಬಾಬಾಬುಡನ್‌ಗಿರಿ ಶ್ರೇಣಿಯಲ್ಲಿ ಹುಟ್ಟುವ ಯಗಚಿ ನದಿಯು ಚಿಕ್ಕಮಗಳೂರು ಮತ್ತು ಬೇಲೂರಿನ ಮಾರ್ಗವಾಗಿ ಹರಿದು ಹೇಮಾವತಿಯನ್ನು ಕೂಡುತ್ತದೆ. ಈ ನೀರನ್ನು ಗೊರೂರಿನ ಬಳಿ ಅಣೆಕಟ್ಟೆಯಿಂದ ತಡೆದು ಹೇಮಾವತಿ ಜಲಾಶಯವನ್ನು ನಿರ್ಮಿಸಲಾಗಿದೆ. ಮಲೆನಾಡಿನಲ್ಲಿ ಮುಂಗಾರು ಬಿರುಸಾದಂತೆ ಜಲಾಶಯ ತುಂಬುತ್ತದೆ; ಜಲಾಶಯ ತುಂಬಿದಂತೆ ಶೆಟ್ಟಿಹಳ್ಳಿಯ ರೋಸರಿ ಚರ್ಚ್‌ನ ಗೋಡೆಗಳು ನೀರಿನಲ್ಲಿ ಮುಳುಗುತ್ತವೆ.

'ಮುಳುಗುವ ಚರ್ಚ್', 'ತೇಲುವ ಚರ್ಚ್' ಎಂಬ ಹೆಸರುಗಳಿಂದ ಪ್ರಸಿದ್ಧವಾಗಿರುವ ಈ ಕಟ್ಟಡವನ್ನು ನೋಡಲು ಪ್ರತಿ ವರ್ಷವೂ ಅನೇಕ ಪ್ರವಾಸಿಗರು ಬರುತ್ತಾರೆ. ಚಿಕ್ಕಮಗಳೂರು, ಮೂಡಿಗೆರೆ ಮತ್ತು ಕಳಸ ಕಡೆಗೆ ಪ್ರವಾಸ ಹೊರಟವರಲ್ಲಿ ಹಲವರು ಹಾಸನದ ಮಾರ್ಗವಾಗಿ ಇಲ್ಲಿಗೂ ಭೇಟಿ ನೀಡುತ್ತಾರೆ. ಈ ಸ್ಥಳಕ್ಕೆ ಜನರನ್ನು ಸೆಳೆಯುತ್ತಿರುವುದು ನೀರಿನ ನಡುವೆ ನಿಂತ ಗೋಡೆಗಳ ನೋಟ. ಆ ಗೋಡೆಗಳನ್ನು ವರ್ಷದಿಂದ ವರ್ಷಕ್ಕೆ ಸವೆಸುತ್ತಿರುವುದೂ ಅದೇ ನೀರು. ಚರ್ಚ್‌ನ ಹಿನ್ನೆಲೆ, ಅದರ ಇಂದಿನ ಸ್ಥಿತಿ, ಪಾರಂಪರಿಕ ಕಟ್ಟಡಗಳ ರಕ್ಷಣೆಗೆ ಕಾನೂನಿನಲ್ಲಿರುವ ಅವಕಾಶ ಹಾಗೂ ಸಾರ್ವಜನಿಕರು ಅನುಸರಿಸಬೇಕಾದ ಕ್ರಮಗಳನ್ನು ಇಲ್ಲಿ ವಿವರಿಸಲಾಗಿದೆ.

ಐತಿಹಾಸಿಕ ಹಿನ್ನೆಲೆ

1799ರಲ್ಲಿ ಶ್ರೀರಂಗಪಟ್ಟಣದ ಪತನವಾದ ಬಳಿಕ ಮೈಸೂರು ಸೀಮೆಯ ಕ್ಯಾಥೊಲಿಕ್ ಕ್ರೈಸ್ತ ಸಮುದಾಯವನ್ನು ಪುನಃ ಸಂಘಟಿಸುವ ಕಾರ್ಯವನ್ನು ಕೈಗೊಂಡವರು ಫ್ರಾನ್ಸ್ ದೇಶದ ಪಾದ್ರಿ ಅಬ್ಬೆ ದ್ಯುಬುವಾ. ಪ್ಯಾರಿಸ್‌ನ ವಿದೇಶ ಧರ್ಮಪ್ರಚಾರ ಸಂಸ್ಥೆಗೆ ಸೇರಿದ ಇವರು 1792ರಲ್ಲಿ ಭಾರತಕ್ಕೆ ಬಂದು 1823ರವರೆಗೆ ಇಲ್ಲಿಯೇ ನೆಲೆಸಿದ್ದರು. ಬಡ ಕ್ರೈಸ್ತ ಕುಟುಂಬಗಳಿಗೆ ಜೀವನಾಧಾರ ಒದಗಿಸಲು ಇವರು ಕೃಷಿ ವಸಾಹತುಗಳನ್ನು ಸ್ಥಾಪಿಸಿದರು. ಸಿಡುಬು ತಡೆಯುವ ಲಸಿಕೆ ಹಾಕಿಸುವ ಕಾರ್ಯದಲ್ಲಿಯೂ ತೊಡಗಿದ್ದರು. ಹಿಂದೂಗಳ ಆಚಾರ ವ್ಯವಹಾರಗಳ ಬಗ್ಗೆ ಇವರು ಬರೆದ, 1816ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ಗ್ರಂಥವು ಪ್ರಸಿದ್ಧವಾಗಿದೆ.

ಇವರ ನಂತರವೂ ಮೈಸೂರು ಸೀಮೆಯ ಕ್ಯಾಥೊಲಿಕ್ ಧರ್ಮಕಾರ್ಯವು ಅದೇ ಸಂಸ್ಥೆಯ ಫ್ರೆಂಚ್ ಪಾದ್ರಿಗಳ ಕೈಯಲ್ಲಿಯೇ ಮುಂದುವರಿಯಿತು. 1850ರಲ್ಲಿ ಮೈಸೂರು ಪ್ರತ್ಯೇಕ ಧರ್ಮಾಡಳಿತ ಪ್ರಾಂತವಾಯಿತು. ಬಿಷಪ್ ಎತಿಯೆನ್ ಲೂಯಿ ಶಾರ್ಬೊನೊ ಅವರು 1873ರವರೆಗೆ ಇದರ ಮುಖ್ಯಸ್ಥರಾಗಿದ್ದರು. ಶೆಟ್ಟಿಹಳ್ಳಿಯ ಚರ್ಚ್ ನಿರ್ಮಾಣವಾದದ್ದು ಈ ಅವಧಿಯಲ್ಲಿ. 1963ರಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತ್ಯವು ಸ್ಥಾಪನೆಯಾಯಿತು. ಹಾಸನ ಜಿಲ್ಲೆಯೂ ಈ ಧರ್ಮಪ್ರಾಂತ್ಯದ ವ್ಯಾಪ್ತಿಗೆ ಸೇರಿದೆ. ಆದುದರಿಂದ ಈ ಅವಶೇಷಗಳಿಗೆ ಕಾಫಿ ಬೆಟ್ಟಗಳೊಡನೆ ಇರುವ ಸಂಬಂಧವು ನದಿಯ ನೀರಿಗೆ ಮಾತ್ರ ಸೀಮಿತವಾದುದಲ್ಲ.

ಆಲೂರು ಮತ್ತು ಸಕಲೇಶಪುರ ಭಾಗದ ಬ್ರಿಟಿಷ್ ಕಾಫಿ ತೋಟಗಾರರಿಗಾಗಿ ಈ ಚರ್ಚ್ ನಿರ್ಮಾಣವಾಯಿತೆಂಬ ಮಾತು ಪ್ರಚಾರದಲ್ಲಿದೆ. 19ನೇ ಶತಮಾನದ ಮಧ್ಯಭಾಗದಲ್ಲಿ ಈ ಭಾಗದಲ್ಲಿ ಯುರೋಪಿಯನ್ನರ ತೋಟಗಳು ವಿಸ್ತರಿಸಿದ್ದು ನಿಜ. ಆದರೆ ಬ್ರಿಟಿಷ್ ತೋಟಗಾರರಲ್ಲಿ ಹೆಚ್ಚಿನವರು ಆಂಗ್ಲಿಕನ್ ಮುಂತಾದ ಪ್ರೊಟೆಸ್ಟೆಂಟ್ ಪಂಥಗಳಿಗೆ ಸೇರಿದವರು. ಜಪಮಾಲೆ ಮಾತೆಯ ಆರಾಧನೆಯು ಕ್ಯಾಥೊಲಿಕ್ ಪಂಥದ ಆಚರಣೆ. ಚರ್ಚ್‌ನ ಹೆಸರು ಮತ್ತು ಅದನ್ನು ಕಟ್ಟಿಸಿದ ಫ್ರೆಂಚ್ ಪಾದ್ರಿಗಳ ಹಿನ್ನೆಲೆಯನ್ನು ಗಮನಿಸಿದರೆ, ಇದು ಮುಖ್ಯವಾಗಿ ಈ ಭಾಗದ ಕ್ಯಾಥೊಲಿಕ್ ಸಮುದಾಯದ ಪ್ರಾರ್ಥನಾ ಮಂದಿರವಾಗಿತ್ತೆಂದು ತಿಳಿಯುವುದು ಹೆಚ್ಚು ಸಮಂಜಸ. ಇದನ್ನು 'ಇಂಗ್ಲಿಷರ ಚರ್ಚ್' ಎಂದು ಕರೆದಾಗ ಇಲ್ಲಿ ಪೂಜೆ ಸಲ್ಲಿಸಿದ ಊರಿನ ಜನರು ಮರೆಯಾಗುತ್ತಾರೆ.

ವಾಸ್ತುಶೈಲಿ ಮತ್ತು ನಿರ್ಮಾಣ ಸಾಮಗ್ರಿ

ಚರ್ಚ್ ಗಾಥಿಕ್ ಶೈಲಿಯಲ್ಲಿದೆ. ತುದಿ ಚೂಪಾದ ಕಮಾನುಗಳು, ಎತ್ತರವಾದ ಕಿರಿದಾದ ಕಿಟಕಿಗಳು ಮತ್ತು ಮೇಲ್ಮುಖವಾಗಿ ಏರುವ ಗೋಡೆಗಳು ಈ ಶೈಲಿಯ ಲಕ್ಷಣಗಳು. ಮೈಸೂರಿನ ಸಂತ ಫಿಲೋಮಿನಾ ಚರ್ಚ್ ಇದೇ ಶೈಲಿಯದು. ಅದರ ಶಂಕುಸ್ಥಾಪನೆ ನೆರವೇರಿದ್ದು 1933ರಲ್ಲಿ. ಶೆಟ್ಟಿಹಳ್ಳಿಯ ಚರ್ಚ್ ಅದಕ್ಕಿಂತ ಸುಮಾರು 70 ವರ್ಷಗಳಷ್ಟು ಹಿಂದಿನದು.

ಕಟ್ಟಡವನ್ನು ಇಟ್ಟಿಗೆ ಮತ್ತು ಸುಣ್ಣದ ಗಾರೆಯಿಂದ ಕಟ್ಟಿ, ಮೇಲೆ ಗಾರೆಯ ಗಿಲಾವು ಮಾಡಲಾಗಿದೆ. ಗಿಲಾವು ಉದುರಿದ ಕಡೆಗಳಲ್ಲಿ ಕಮಾನಿನ ಇಟ್ಟಿಗೆಗಳ ಜೋಡಣೆಯನ್ನು ಕಾಣಬಹುದು. ಗಾರೆಗೆ ಬೆಲ್ಲ ಮತ್ತು ಮೊಟ್ಟೆಯನ್ನು ಬೆರೆಸಲಾಗಿತ್ತೆಂದು ಸ್ಥಳೀಯರು ಹೇಳುತ್ತಾರೆ. ಇಂತಹ ಪದಾರ್ಥಗಳನ್ನು ಬೆರೆಸುವ ಪದ್ಧತಿ ದಕ್ಷಿಣ ಭಾರತದ ಹಳೆಯ ಕಟ್ಟಡಗಳಲ್ಲಿ ಸಾಮಾನ್ಯವಾಗಿತ್ತು. ಕಿಟಕಿಗಳ ಗಾಜನ್ನು ಬೆಲ್ಜಿಯಂ ದೇಶದಿಂದ ತರಿಸಲಾಗಿತ್ತೆಂಬುದೂ ಪ್ರತೀತಿ. ಇಂದು ಕಿಟಕಿಗಳಲ್ಲಿ ಗಾಜು ಉಳಿದಿಲ್ಲ, ಛಾವಣಿಯೂ ಇಲ್ಲ. ಗೋಡೆಗಳು, ಕಮಾನುಗಳು ಮತ್ತು ಬಲಿಪೀಠವಿದ್ದ ತುದಿಯ ಭಾಗಗಳು ಉಳಿದುಕೊಂಡಿವೆ. ಕಾಲಕ್ರಮೇಣ ಗೋಡೆಗಳ ಕೆಲವು ಭಾಗಗಳೂ ಕುಸಿದಿವೆ.

ಜಲಾಶಯ ಮತ್ತು ಮುಳುಗಡೆ

ಗೊರೂರು ಗ್ರಾಮವು ಸಾಹಿತಿ ಡಾ. ಗೊರೂರು ರಾಮಸ್ವಾಮಿ ಅಯ್ಯಂಗಾರ್ ಅವರ ಹುಟ್ಟೂರೆಂದು ನಾಡಿಗೆ ಪರಿಚಿತ. ಇಲ್ಲಿ ಹೇಮಾವತಿ ನದಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟೆಯು 1979ರಲ್ಲಿ ಪೂರ್ಣಗೊಂಡಿತು. ಜಲಾಶಯದ ಸಂಗ್ರಹ ಸಾಮರ್ಥ್ಯವು 37.10 ಟಿ.ಎಂ.ಸಿ. ಅಡಿ. ಪೂರ್ಣ ಮಟ್ಟವು ಸಮುದ್ರ ಮಟ್ಟದಿಂದ 2,922 ಅಡಿ. ಹಾಸನ, ತುಮಕೂರು ಮತ್ತು ಮಂಡ್ಯ ಜಿಲ್ಲೆಗಳ ಜಮೀನುಗಳಿಗೆ ಇದರ ನಾಲೆಗಳಿಂದ ನೀರು ಒದಗುತ್ತಿದೆ. ತುಮಕೂರು ನಗರಕ್ಕೆ ಕುಡಿಯುವ ನೀರು ದೊರೆಯುತ್ತಿರುವುದೂ ಈ ಯೋಜನೆಯಿಂದಲೇ.

ಈ ಪ್ರಯೋಜನಕ್ಕೆ ಪ್ರತಿಯಾಗಿ ನದಿ ದಂಡೆಯ ಗ್ರಾಮಗಳು ಮನೆ, ಗದ್ದೆ, ತೋಟ ಮತ್ತು ಪೂಜಾಸ್ಥಳಗಳನ್ನು ಬಿಟ್ಟುಕೊಡಬೇಕಾಯಿತು. ಶೆಟ್ಟಿಹಳ್ಳಿಯ ನಿವಾಸಿಗಳೂ ಬೇರೆ ಕಡೆಗಳಿಗೆ ಸ್ಥಳಾಂತರಗೊಂಡರು. ಮನೆಗಳಿದ್ದ ಜಾಗದಲ್ಲಿ ನೀರು ನಿಂತಿತು. ಗೋಡೆಗಳು ಎತ್ತರವಾಗಿದ್ದುದರಿಂದ ಚರ್ಚ್ ಮಾತ್ರ ನೀರಿನ ಮೇಲೆ ಕಾಣುವಂತೆ ಉಳಿಯಿತು. ಊರು ಇದ್ದ ಸ್ಥಳಕ್ಕೆ ಇಂದು ಹೊರಗಿನವರ ಕಣ್ಣಿಗೆ ಬೀಳುವ ಗುರುತು ಈ ಗೋಡೆಗಳೇ.

ಕ್ಯಾಥೊಲಿಕ್ ಪಂಚಾಂಗದಲ್ಲಿ ಜಪಮಾಲೆ ಮಾತೆಯ ಹಬ್ಬವು ಅಕ್ಟೋಬರ್ 7ರಂದು ಬರುತ್ತದೆ. ಉತ್ತಮ ಮಳೆಯಾದ ವರ್ಷಗಳಲ್ಲಿ ಜಲಾಶಯವು ಆ ವೇಳೆಗೆ ತುಂಬಿರುತ್ತದೆ. ಅಂದರೆ ಚರ್ಚ್ ಯಾರ ಹೆಸರಿನಲ್ಲಿದೆಯೋ ಅವರ ಹಬ್ಬದ ದಿನವೇ ಅಲ್ಲಿಗೆ ಕಾಲ್ನಡಿಗೆಯಲ್ಲಿ ಹೋಗಲು ಸಾಧ್ಯವಾಗುವುದಿಲ್ಲ.

ಶಿಥಿಲತೆಯ ಕಾರಣಗಳು

ಸದಾ ನೀರಿನೊಳಗೇ ಇರುವ ಕಟ್ಟಡಕ್ಕಿಂತ, ಪ್ರತಿ ವರ್ಷ ಮುಳುಗಿ ಪುನಃ ಒಣಗುವ ಇಟ್ಟಿಗೆಯ ಕಟ್ಟಡವು ಬೇಗನೆ ಶಿಥಿಲವಾಗುತ್ತದೆ. ಇದಕ್ಕೆ ಮುಖ್ಯ ಕಾರಣಗಳು ಈ ಕೆಳಗಿನಂತಿವೆ:

1. ಮಳೆಗಾಲದಲ್ಲಿ ಇಟ್ಟಿಗೆ ಮತ್ತು ಗಾರೆಯು ನೀರನ್ನು ಹೀರಿಕೊಳ್ಳುತ್ತವೆ. ಬೇಸಿಗೆಯಲ್ಲಿ ನೀರು ಆವಿಯಾಗುವಾಗ ಅದರಲ್ಲಿ ಕರಗಿದ್ದ ಲವಣಗಳು ಮೇಲ್ಮೈಯಲ್ಲಿ ಹರಳುಗಟ್ಟಿ, ಇಟ್ಟಿಗೆಯ ಪದರಗಳನ್ನು ಕಳಚುತ್ತವೆ.

2. ನೀರಿನ ಮಟ್ಟವು ನಿಂತ ಎತ್ತರದಲ್ಲಿ ಅಲೆಗಳು ಗೋಡೆಗೆ ಸತತವಾಗಿ ಬಡಿದು ಸಂದುಗಳ ಗಾರೆಯನ್ನು ತೊಳೆದು ಹಾಕುತ್ತವೆ.

3. ಅಡಿಪಾಯದ ಕೆಳಗಿನ ಮಣ್ಣು ನೆನೆದು ಮೆತ್ತಗಾಗುತ್ತದೆ. ನೀರು ಇಳಿಯುವಾಗ ಮಣ್ಣೂ ಕೊಚ್ಚಿ ಹೋಗುವ ಸಂಭವವಿರುತ್ತದೆ.

4. ಛಾವಣಿಯಿಲ್ಲದ ಗೋಡೆಗಳ ನೆತ್ತಿಯ ಮೂಲಕ ಮಳೆನೀರು ನೇರವಾಗಿ ಒಳಗೆ ಇಳಿಯುತ್ತದೆ. ಬಿರುಕುಗಳಲ್ಲಿ ಗಿಡಗಳು ಬೇರು ಬಿಟ್ಟು ಬಿರುಕನ್ನು ಹಿಗ್ಗಿಸುತ್ತವೆ.

5. ಗೋಡೆ ಹತ್ತುವುದು, ಇಟ್ಟಿಗೆ ಕೀಳುವುದು, ಹೆಸರು ಕೆತ್ತುವುದು ಮುಂತಾದ ಮನುಷ್ಯರ ಕೃತ್ಯಗಳಿಂದಲೂ ಹಾನಿಯಾಗುತ್ತಿದೆ.

ಮೊದಲ ನಾಲ್ಕು ಕಾರಣಗಳು ಪ್ರಕೃತಿ ಮತ್ತು ಜಲಾಶಯಕ್ಕೆ ಸಂಬಂಧಿಸಿದವು. ಐದನೆಯದನ್ನು ತಡೆಯಲು ಹಣವಾಗಲೀ ತಂತ್ರಜ್ಞಾನವಾಗಲೀ ಬೇಕಿಲ್ಲ.

ಇತರ ಸ್ಮಾರಕಗಳ ಉದಾಹರಣೆ

ಬಳಕೆ ತಪ್ಪಿದ ಅಥವಾ ಮುಳುಗಡೆಯಾದ ಪೂಜಾಸ್ಥಳಗಳು ಉಳಿದುಕೊಂಡ ಎರಡು ನಿದರ್ಶನಗಳು ಕರ್ನಾಟಕದಲ್ಲಿವೆ.

ಮಡಿಕೇರಿ ಕೋಟೆಯೊಳಗಿನ ಸಂತ ಮಾರ್ಕರ ಚರ್ಚ್ 1850ರ ದಶಕದಲ್ಲಿ ನಿರ್ಮಾಣವಾದ ಆಂಗ್ಲಿಕನ್ ಚರ್ಚ್. ಸ್ವಾತಂತ್ರ್ಯಾನಂತರ ಬ್ರಿಟಿಷರು ಹೊರಟುಹೋದ ಮೇಲೆ ಅಲ್ಲಿ ಆರಾಧನೆ ನಿಂತಿತು. ಮುಂದೆ ಕಟ್ಟಡವು ರಾಜ್ಯದ ಪುರಾತತ್ವ ಇಲಾಖೆಗೆ ಸೇರಿ ಸರ್ಕಾರಿ ವಸ್ತುಸಂಗ್ರಹಾಲಯವಾಯಿತು. ಹೊಸ ಉಪಯೋಗ ದೊರೆತ ಕಾರಣ ಛಾವಣಿ, ಗೋಡೆ ಮತ್ತು ಕಿಟಕಿಗಳ ನಿರ್ವಹಣೆಗೆ ಹೊಣೆಗಾರರು ದೊರೆತರು.

ಎರಡನೆಯದು ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯ. ಹೊಯ್ಸಳರ ಕಾಲದ ಈ ದೇವಾಲಯವು ಕೃಷ್ಣರಾಜಸಾಗರದ ನಿರ್ಮಾಣದಿಂದ ಮುಳುಗಡೆಯಾಗಿ, ನೀರು ತೀರ ಇಳಿದ ವರ್ಷಗಳಲ್ಲಿ ಮಾತ್ರ ಗೋಚರಿಸುತ್ತಿತ್ತು. ಹೇಮಾವತಿಯು ಕಾವೇರಿಯನ್ನು ಸೇರುವುದೂ ಅದೇ ಜಲಾಶಯದ ಹಿನ್ನೀರಿನಲ್ಲಿ. 2000ದ ನಂತರದ ವರ್ಷಗಳಲ್ಲಿ ಖೋಡೆ ಪ್ರತಿಷ್ಠಾನವು ದೇವಾಲಯದ ಕಲ್ಲುಗಳನ್ನು ಒಂದೊಂದಾಗಿ ಕಳಚಿ, ಹೊಸ ಕನ್ನಂಬಾಡಿಯ ಎತ್ತರದ ಜಾಗದಲ್ಲಿ ಮರುಜೋಡಣೆ ಮಾಡಿಸಿತು.

ಇದೇ ಕ್ರಮವನ್ನು ಶೆಟ್ಟಿಹಳ್ಳಿಯಲ್ಲಿ ಅನುಸರಿಸಬಾರದೇಕೆ ಎಂದು ಹಲವರು ಕೇಳುವುದುಂಟು. ಕಲ್ಲಿನ ಕಂಬ, ತೊಲೆ ಮತ್ತು ಚಪ್ಪಡಿಗಳಿಗೆ ಸಂಖ್ಯೆ ನೀಡಿ, ಬಿಚ್ಚಿ, ಪುನಃ ಜೋಡಿಸಬಹುದು. ಇಟ್ಟಿಗೆ ಮತ್ತು ಗಾರೆಯ ಗೋಡೆಯನ್ನು ಬಿಚ್ಚಿದರೆ ಗಾರೆಯು ಪುಡಿಯಾಗಿ, ಕಮಾನಿನ ಆಕಾರವೇ ಇಲ್ಲವಾಗುತ್ತದೆ. ಬೇರೆಡೆ ಕಟ್ಟುವುದು ಅದರ ಪ್ರತಿಕೃತಿಯಾದೀತೇ ಹೊರತು ಅದೇ ಕಟ್ಟಡವಾಗದು. ಆದುದರಿಂದ ಇಂತಹ ಕಟ್ಟಡಗಳ ವಿಷಯದಲ್ಲಿ ಕೈಗೊಳ್ಳಬಹುದಾದ ಕ್ರಮಗಳು ಸೀಮಿತ: ಅಳತೆ, ನಕ್ಷೆ ಮತ್ತು ಛಾಯಾಚಿತ್ರಗಳ ಮೂಲಕ ಪೂರ್ಣ ದಾಖಲಾತಿ, ನೀರು ಇಳಿದ ತಿಂಗಳುಗಳಲ್ಲಿ ಗೋಡೆಯ ನೆತ್ತಿ ಮತ್ತು ಸಂದುಗಳನ್ನು ಸುಣ್ಣದ ಗಾರೆಯಿಂದ ಭದ್ರಪಡಿಸುವುದು, ಗಿಡಗಂಟಿಗಳನ್ನು ತೆಗೆಯುವುದು, ಬೀಳುವಂತಿರುವ ಭಾಗಗಳ ಬಳಿಗೆ ಜನರು ಹೋಗದಂತೆ ತಡೆಯುವುದು. ಇಂತಹ ದುರಸ್ತಿಗೆ ಸಿಮೆಂಟ್ ಸೂಕ್ತವಲ್ಲ. ಅದು ಹಳೆಯ ಇಟ್ಟಿಗೆಗಿಂತ ಗಡುಸಾಗಿದ್ದು, ತೇವವನ್ನು ಒಳಗೇ ಹಿಡಿದಿಟ್ಟು ಇಟ್ಟಿಗೆಯನ್ನೇ ಹಾಳುಮಾಡುತ್ತದೆ.

ಸಂರಕ್ಷಣೆಗೆ ಕಾನೂನಿನ ಅವಕಾಶ

ಕೇಂದ್ರ ಸರ್ಕಾರವು ರಕ್ಷಿಸುವ ಸ್ಮಾರಕಗಳಿಗೆ 1958ರ ಅಧಿನಿಯಮವೂ, ರಾಜ್ಯ ಸರ್ಕಾರವು ರಕ್ಷಿಸುವ ಸ್ಮಾರಕಗಳಿಗೆ ಕರ್ನಾಟಕ ಪ್ರಾಚೀನ ಮತ್ತು ಐತಿಹಾಸಿಕ ಸ್ಮಾರಕಗಳು ಹಾಗೂ ಪುರಾತತ್ವ ಸ್ಥಳಗಳು ಮತ್ತು ಅವಶೇಷಗಳ ಅಧಿನಿಯಮ, 1961 ಸಹ ಅನ್ವಯವಾಗುತ್ತವೆ. ಐತಿಹಾಸಿಕ, ಪುರಾತತ್ವ ಅಥವಾ ಕಲಾತ್ಮಕ ಮಹತ್ವವುಳ್ಳ, ಕನಿಷ್ಠ 100 ವರ್ಷ ಹಳೆಯದಾದ ಕಟ್ಟಡವು ಪ್ರಾಚೀನ ಸ್ಮಾರಕದ ವ್ಯಾಖ್ಯೆಗೆ ಒಳಪಡಬಹುದು. 1860ರ ದಶಕದ ಕಟ್ಟಡವು ವಯಸ್ಸಿನ ಮಿತಿಯನ್ನು ದಾಟಿ ಹಲವು ದಶಕಗಳಾಗಿವೆ.

ಯಾವುದೇ ಸ್ಮಾರಕವನ್ನು ಸಂರಕ್ಷಿತವೆಂದು ಘೋಷಿಸುವ ಮುನ್ನ ಸರ್ಕಾರವು ತನ್ನ ಉದ್ದೇಶವನ್ನು ಅಧಿಸೂಚನೆಯ ಮೂಲಕ ಪ್ರಕಟಿಸುತ್ತದೆ. ಹಿತಾಸಕ್ತಿಯುಳ್ಳವರು ಆಕ್ಷೇಪಣೆ ಸಲ್ಲಿಸಲು ಎರಡು ತಿಂಗಳ ಕಾಲಾವಕಾಶವಿರುತ್ತದೆ. ಆಕ್ಷೇಪಣೆಗಳನ್ನು ಪರಿಶೀಲಿಸಿದ ಬಳಿಕವೇ ಅಂತಿಮ ಅಧಿಸೂಚನೆ ಹೊರಡುತ್ತದೆ. ಜಲಾಶಯದ ಪೂರ್ಣ ಮಟ್ಟದೊಳಗಿನ ಸ್ಮಾರಕವಾದಲ್ಲಿ ಪುರಾತತ್ವ ಇಲಾಖೆ, ಜಿಲ್ಲಾಡಳಿತ ಮತ್ತು ಜಲಾಶಯದ ನಿರ್ವಹಣಾ ಸಂಸ್ಥೆಗಳ ನಡುವೆ ಸಮನ್ವಯವು ಅಗತ್ಯ. ಕಾವೇರಿ ಕೊಳ್ಳದ ನೀರಾವರಿ ಯೋಜನೆಗಳ ನಿರ್ವಹಣೆಯನ್ನು ಕಾವೇರಿ ನೀರಾವರಿ ನಿಗಮಕ್ಕೆ ವಹಿಸಲಾಗಿದೆ.

ಸಾರ್ವಜನಿಕರು ಅರ್ಜಿ ಸಲ್ಲಿಸುವ ವಿಧಾನ

1. ಪಾರಂಪರಿಕ ಕಟ್ಟಡದ ಸಂರಕ್ಷಣೆಯನ್ನು ಕೋರುವವರು ಮೈಸೂರಿನಲ್ಲಿರುವ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಆಯುಕ್ತರಿಗೆ ಲಿಖಿತ ಮನವಿ ಸಲ್ಲಿಸಬಹುದು. ಅದರ ಪ್ರತಿಯನ್ನು ಸಂಬಂಧಿಸಿದ ಜಿಲ್ಲಾಧಿಕಾರಿಗಳಿಗೆ ನೀಡುವುದು ಸೂಕ್ತ.

2. ಮನವಿಯಲ್ಲಿ ಗ್ರಾಮ, ಹೋಬಳಿ ಮತ್ತು ತಾಲ್ಲೂಕಿನ ಹೆಸರು, ಲಭ್ಯವಿದ್ದಲ್ಲಿ ಸರ್ವೆ ನಂಬರು, ಕಟ್ಟಡದ ಇಂದಿನ ಸ್ಥಿತಿ ಹಾಗೂ ದಿನಾಂಕ ನಮೂದಿಸಿದ ಛಾಯಾಚಿತ್ರಗಳು ಇರಬೇಕು. ಹಳೆಯ ಛಾಯಾಚಿತ್ರಗಳಿದ್ದಲ್ಲಿ ಅವುಗಳ ಪ್ರತಿಯನ್ನು ಲಗತ್ತಿಸಿದರೆ ಎಷ್ಟು ಭಾಗ ಕುಸಿದಿದೆ ಎಂಬುದನ್ನು ಹೋಲಿಸಿ ನೋಡಲು ಅನುಕೂಲವಾಗುತ್ತದೆ.

3. ಮುಳುಗಡೆಯಾದ ಗ್ರಾಮಗಳ ಕುಟುಂಬಗಳಿಗೆ ಸೇರಿದವರು ತಮ್ಮ ಹಿಂದಿನ ಜಮೀನಿನ ದಾಖಲೆಗಳಿಗಾಗಿ ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ವಿಚಾರಿಸಬಹುದು. ಗ್ರಾಮದ ಹಳೆಯ ಹೆಸರು, ಸರ್ವೆ ನಂಬರು ಮತ್ತು ಖಾತೆದಾರರ ಹೆಸರು ತಿಳಿದಿದ್ದರೆ ಹುಡುಕಾಟವು ಸುಲಭವಾಗುತ್ತದೆ.

4. ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ಮಾಹಿತಿ ಕೋರುವವರು 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬೇಕು. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕದಿಂದ ವಿನಾಯಿತಿ ಇದೆ. ರಾಜ್ಯದ ನಿಯಮಗಳಂತೆ ಅರ್ಜಿಯು ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು ಮತ್ತು 150 ಪದಗಳನ್ನು ಮೀರಬಾರದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡಬೇಕಾಗುತ್ತದೆ.

ತಲುಪುವ ಮಾರ್ಗ

ಚಿಕ್ಕಮಗಳೂರಿನಿಂದ ಬೇಲೂರಿನ ಮಾರ್ಗವಾಗಿ ಹಾಸನಕ್ಕೆ ಸುಮಾರು 60 ಕಿ.ಮೀ. ದೂರವಿದ್ದು, ರಾಜ್ಯ ರಸ್ತೆ ಸಾರಿಗೆ ನಿಗಮದ ಬಸ್ಸುಗಳ ಸೌಲಭ್ಯವಿದೆ. ಮೂಡಿಗೆರೆ ಕಡೆಯಿಂದ ಬರುವವರು ಬೇಲೂರು ಅಥವಾ ಸಕಲೇಶಪುರದ ಮಾರ್ಗವಾಗಿ ಹಾಸನವನ್ನು ತಲುಪಬಹುದು. ಹಾಸನದಲ್ಲಿ ರೈಲು ನಿಲ್ದಾಣವಿದೆ. ಹಾಸನದಿಂದ ಶೆಟ್ಟಿಹಳ್ಳಿಗೆ ಸ್ವಂತ ಅಥವಾ ಬಾಡಿಗೆ ವಾಹನದಲ್ಲಿ ಹೋಗುವುದು ಅನುಕೂಲಕರ.

ಸಂದರ್ಶಕರಿಗೆ ಸೂಚನೆಗಳು

1. ಗೋಡೆಗಳ ಮೇಲೆ ಹತ್ತಬಾರದು. ಕಮಾನುಗಳ ಕೆಳಗೆ ಕುಳಿತುಕೊಳ್ಳಬಾರದು. ಗಟ್ಟಿಯಾಗಿ ಕಂಡರೂ ಒಳಗಿನ ಗಾರೆಯು ಸಡಿಲವಾಗಿರಬಹುದು.

2. ಮಳೆಗಾಲದಲ್ಲಿ ಇಲ್ಲಿ ಮಳೆ ಇಲ್ಲದಿದ್ದರೂ ಮೂಡಿಗೆರೆ, ಸಕಲೇಶಪುರ ಭಾಗದಲ್ಲಿ ಸುರಿದ ಮಳೆಯಿಂದ ಜಲಾಶಯದ ಮಟ್ಟವು ಏರಬಹುದು. ನೀರಿಗೆ ಇಳಿಯುವುದು ಮತ್ತು ಈಜುವುದು ಅಪಾಯಕರ.

3. ಹರಿಗೋಲು ಅಥವಾ ದೋಣಿಯಲ್ಲಿ ಹೋಗುವವರು ಜೀವರಕ್ಷಕ ಕವಚವನ್ನು ಧರಿಸಬೇಕು. ದೋಣಿಯನ್ನು ಗೋಡೆಗೆ ತಾಗಿಸಿ ಕಟ್ಟಬಾರದು.

4. ನೀರು ಇಳಿದ ನಂತರ ಕೆಸರು ಮೇಲೆ ಒಣಗಿದಂತೆ ಕಂಡರೂ ಒಳಗೆ ಮೆತ್ತಗಿರುತ್ತದೆ. ವಾಹನಗಳನ್ನು ಚರ್ಚ್‌ನ ಬಳಿಗೆ ತರದೆ ದೂರದಲ್ಲಿಯೇ ನಿಲ್ಲಿಸಬೇಕು.

5. ಇಟ್ಟಿಗೆ, ಗಾರೆಯ ತುಂಡು ಮುಂತಾದ ಯಾವುದನ್ನೂ ನೆನಪಿಗಾಗಿ ಕೊಂಡೊಯ್ಯಬಾರದು. ಗೋಡೆಗಳ ಮೇಲೆ ಬರೆಯಬಾರದು.

6. ಡ್ರೋನ್ ಬಳಸುವವರು ಡ್ರೋನ್ ನಿಯಮಗಳು, 2021ನ್ನು ಪಾಲಿಸಬೇಕು.

7. ಪ್ಲಾಸ್ಟಿಕ್ ಮತ್ತು ಗಾಜಿನ ಬಾಟಲಿಗಳನ್ನು ಎಸೆಯಬಾರದು. ಇದು ಕುಡಿಯುವ ನೀರಿನ ಮೂಲವೂ ಆಗಿದೆ.

8. ಇದು ಒಂದು ಸಮುದಾಯದ ಪೂಜಾಸ್ಥಳವಾಗಿತ್ತೆಂಬುದನ್ನು ನೆನಪಿನಲ್ಲಿಟ್ಟು ಗೌರವದಿಂದ ವರ್ತಿಸಬೇಕು. ಊರನ್ನು ಬಿಟ್ಟುಹೋದ ಕುಟುಂಬಗಳವರಿಗೆ ಇದು ಹಿರಿಯರ ಊರಿನ ಗುರುತು.

ಸೂಚನೆ: ಜಲಾಶಯದ ನೀರಿನ ಮಟ್ಟವು ಮಳೆ ಮತ್ತು ನಾಲೆಗಳಿಗೆ ಹರಿಸುವ ನೀರಿನ ಪ್ರಮಾಣವನ್ನು ಅವಲಂಬಿಸಿ ಬದಲಾಗುತ್ತದೆ. ಪ್ರವಾಸ ಹೊರಡುವ ಮುನ್ನ ಮಟ್ಟವನ್ನು ವಿಚಾರಿಸಿಕೊಳ್ಳುವುದು ಸೂಕ್ತ. ಗೋಡೆ ಕುಸಿದಿರುವುದು ಅಥವಾ ಯಾರಾದರೂ ಹಾನಿ ಮಾಡುತ್ತಿರುವುದು ಕಂಡುಬಂದಲ್ಲಿ, ಛಾಯಾಚಿತ್ರ ಮತ್ತು ದಿನಾಂಕದೊಂದಿಗೆ ಗ್ರಾಮ ಪಂಚಾಯಿತಿ ಅಥವಾ ತಾಲ್ಲೂಕು ಕಚೇರಿಯ ಗಮನಕ್ಕೆ ತರಬೇಕಾಗಿ ಸಾರ್ವಜನಿಕರಲ್ಲಿ ಕೋರಲಾಗಿದೆ.